ನಿಮಗಿದು ಗೊತ್ತೇ? ಮೆಹಕರದ ಹೊಲದಲ್ಲಿದೆ ಜಗತ್ತಿನ ಹವಾಮಾನದ ಗುಟ್ಟು!

ಹವಾಮಾನ ಬದಲಾವಣೆ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಕರಗುವ ಹಿಮ, ಬಡಕಲು ಬಿಳಿ ಕರಡಿ. ಅಷ್ಟು ದೂರ ಯಾಕೆ ಹೋಗಬೇಕು? ಬೀದರ್ ಜಿಲ್ಲೆ, ಭಾಲ್ಕಿ ತಾಲ್ಲೂಕಿನ ಮೆಹಕರಕ್ಕೆ ಬನ್ನಿ. ಮಹಾರಾಷ್ಟ್ರದ ಗಡಿಗೆ ಹತ್ತಿರದ ಊರು. ಹೊಲದ ಬದುವಿನ ಮೇಲೆ ನಿಂತು ಒಮ್ಮೆ ಕಾಲ ಕೆಳಗೆ ನೋಡಿ. ದೊಡ್ಡ ದೊಡ್ಡ ವಿಜ್ಞಾನಿಗಳು ತಲೆ ಕೆಡಿಸಿಕೊಂಡಿರುವ ಸಂಗತಿಗಳು ಅಲ್ಲೇ ಬಿದ್ದಿವೆ. ಬನ್ನಿ, ಒಂದೊಂದಾಗಿ ಹೆಕ್ಕೋಣ!

ಕಲ್ಲಿನ ಕಥೆ

ನೀವು ನಿಂತಿರುವುದು ಆರಿದ ಬೆಂಕಿಯ ಮೇಲೆ! ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಲ್ಲೆಲ್ಲ ನೆಲ ಬಿರಿದು ಲಾವಾ ಹರಿಯಿತು. ಪದರದ ಮೇಲೆ ಪದರ ಕೂತಿತು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲ ಆ ಕಪ್ಪು ಕಲ್ಲಿನ ಹೊದಿಕೆಯಲ್ಲೇ ಇದೆ. ಭಾಲ್ಕಿ, ಔರಾದ್ ಬಾವಿಗಳಲ್ಲಿ ಸಿಗುವ ಕರಿಕಲ್ಲು ಅದೇ, ಹೆಸರು ಬಸಾಲ್ಟ್!

ಆ ಲಾವಾ ಸುಮ್ಮನೆ ಬರಲಿಲ್ಲ. ಜತೆಗೆ ಲೆಕ್ಕವಿಲ್ಲದಷ್ಟು ಇಂಗಾಲದ ಡೈಆಕ್ಸೈಡ್, ಗಂಧಕದ ಹೊಗೆ ತಂದಿತು. ಇಡೀ ಭೂಮಿಯ ಹವಾಮಾನವೇ ಏರುಪೇರಾಯಿತು. ಅದೇ ಹೊತ್ತಿಗೆ ಆಕಾಶದಿಂದ ದೈತ್ಯ ಬಂಡೆಯೂ ಬಂದು ಅಪ್ಪಳಿಸಿತು. ಡೈನೋಸಾರ್‌ಗಳು ಅಳಿದದ್ದರಲ್ಲಿ ಯಾರ ಪಾಲು ಎಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ. ನಮ್ಮೂರ ಕಲ್ಲಿನ ಹೆಸರು ಆ ವಾದದಲ್ಲಿದೆ ನೋಡಿ!

ಈಗ ಇನ್ನೂ ಸೋಜಿಗ. ಅಂದು ಗಾಳಿ ಕೆಡಿಸಿದ ಕಲ್ಲೇ ಇಂದು ಗಾಳಿ ತೊಳೆಯುತ್ತದೆ! ಮಳೆಹನಿ ಬೀಳುವಾಗ ಗಾಳಿಯ ಇಂಗಾಲದ ಡೈಆಕ್ಸೈಡ್ ಅನ್ನು ಒಂದಿಷ್ಟು ಹೀರಿಕೊಳ್ಳುತ್ತದೆ. ಆ ನೀರು ಕಪ್ಪು ಕಲ್ಲನ್ನು ಸವೆಸಿದಾಗ ಇಂಗಾಲ ಬೈಕಾರ್ಬೊನೇಟ್ ಆಗಿ ಕರಗಿ ಹೊಳೆ ಸೇರುತ್ತದೆ. ಮಾಂಜ್ರಾದಿಂದ ಗೋದಾವರಿ, ಗೋದಾವರಿಯಿಂದ ಬಂಗಾಳ ಕೊಲ್ಲಿ. ಅಲ್ಲಿ ಸಾವಿರಾರು ವರ್ಷ ತೆಪ್ಪಗೆ ಕೂರುತ್ತದೆ!

ಇದೇ ಕಲ್ಲಿನ ಪುಡಿಗೆ 5 ಕೋಟಿ ಡಾಲರ್ ಬಹುಮಾನ! ಹೌದು, 2025ರ ಏಪ್ರಿಲ್‌ನಲ್ಲಿ, ಗಾಳಿಯ ಇಂಗಾಲ ಇಳಿಸುವವರಿಗಾಗಿ ನಡೆದ ಎಕ್ಸ್‌ಪ್ರೈಜ್ ಸ್ಪರ್ಧೆಯ ಮೊದಲ ಬಹುಮಾನ ಗೆದ್ದದ್ದು ಮಾಟಿ ಕಾರ್ಬನ್ ಎಂಬ ಸಂಸ್ಥೆ. ಮಾಡುವ ಕೆಲಸ ಏನು ಗೊತ್ತೇ? ಭಾರತದ ಸಣ್ಣ ರೈತರ ಹೊಲಗಳಲ್ಲಿ ಬಸಾಲ್ಟ್ ಕಲ್ಲಿನ ಹಿಟ್ಟು ಹರಡುವುದು. ಗಾಳಿಯ ಇಂಗಾಲವೂ ಇಳಿಯುತ್ತದೆ, ಬೆಳೆಗೂ ಖನಿಜ ಸಿಗುತ್ತದೆ!

ಐಸ್‌ಲ್ಯಾಂಡಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ. ಇಂಗಾಲದ ಡೈಆಕ್ಸೈಡ್ ಅನ್ನು ನೀರಿನಲ್ಲಿ ಕರಗಿಸಿ ನೆಲದಡಿಯ ಬಸಾಲ್ಟ್‌ಗೆ ಇಳಿಸಿದರು. ಎರಡು ವರ್ಷದೊಳಗೆ ಶೇ. 95ರಷ್ಟು ಕಲ್ಲಾಗಿಬಿಟ್ಟಿತ್ತು! ಗಾಳಿ ಕಲ್ಲಾಗುವುದನ್ನು ಪುರಾಣದಲ್ಲಾದರೂ ಕೇಳಿದ್ದೀರಾ?

ಬೀದರ್ ನಗರಕ್ಕೆ ಬಂದರೆ ಕಲ್ಲಿನ ಬಣ್ಣವೇ ಬೇರೆ. ಕೆಂಪು! ಅದು ಲ್ಯಾಟರೈಟ್, ನಮ್ಮ ಜಂಬಿಟ್ಟಿಗೆ. ಕಪ್ಪು ಕಲ್ಲೇ ಕಾಲಾಂತರದ ಮಳೆ, ಬಿಸಿಲು, ಸೆಕೆಗೆ ಕೊಳೆತು ಕೆಂಪಾದದ್ದು. ಮಳೆ ಬೇರೆಲ್ಲ ತೊಳೆದುಕೊಂಡು ಹೋಯಿತು, ಕಬ್ಬಿಣ ಉಳಿಯಿತು. ಕೋಟೆಯ ಗೋಡೆ ಮುಟ್ಟಿದರೆ ಹಳೆಯ ಮಳೆಗಾಲಗಳ ದಿನಚರಿ ಮುಟ್ಟಿದಂತೆ!

ಆ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್, 1807ರಲ್ಲಿ. ಲ್ಯಾಟಿನ್ ಭಾಷೆಯಲ್ಲಿ 'ಲೇಟರ್' ಅಂದರೆ ಇಟ್ಟಿಗೆ. ನೆಲದೊಳಗೆ ಮೆತ್ತಗಿರುತ್ತದೆ, ಇಟ್ಟಿಗೆಯಂತೆ ಕತ್ತರಿಸಿ ತೆಗೆಯಬಹುದು. ಗಾಳಿಗೆ ಒಡ್ಡಿದರೆ ಗಟ್ಟಿಯಾಗುತ್ತದೆ. ಸುಡುವುದೇ ಬೇಡ!

ಮಣ್ಣಿನ ಮಾಯೆ

ತನ್ನನ್ನು ತಾನೇ ಉಳುವ ಹೊಲ ನೋಡಿದ್ದೀರಾ? ನಮ್ಮ ಕರಿಹೊಲವೇ ಅದು! ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ಕೈ ತೂರುವಷ್ಟು ಬಿರುಕು. ಮೇಲಿನ ಮಣ್ಣು ಅದರೊಳಗೆ ಉದುರುತ್ತದೆ. ಮಳೆ ಬಂದಾಗ ಕೆಳಗಿನದು ಉಬ್ಬಿ ಮೇಲೆ ಬರುತ್ತದೆ. ನೇಗಿಲಿಲ್ಲ, ಟ್ರ್ಯಾಕ್ಟರ್ ಇಲ್ಲ, ಡೀಸೆಲ್ ಖರ್ಚೂ ಇಲ್ಲ!

ಜಗತ್ತಿನ ಮಣ್ಣಿನಲ್ಲಿರುವ ಇಂಗಾಲ ಎಷ್ಟು? ಇಡೀ ಗಾಳಿಯಲ್ಲಿರುವುದು, ಎಲ್ಲ ಗಿಡಮರಗಳಲ್ಲಿರುವುದು, ಎರಡನ್ನೂ ಕೂಡಿಸಿದರೂ ಅದಕ್ಕೆ ಸಾಟಿಯಿಲ್ಲ! ಕಣಿಕೆ, ಕಸಕಡ್ಡಿ ಸುಟ್ಟರೆ ಅದರ ಇಂಗಾಲ ಹೊಗೆಯಾಗಿ ಮೇಲೇರುತ್ತದೆ. ಗೊಬ್ಬರ ಮಾಡಿ ಹಾಕಿದರೆ ಒಂದು ಪಾಲು ಮಣ್ಣಿನಲ್ಲೇ ಉಳಿಯುತ್ತದೆ. ಒಂದು ಬೆಂಕಿಕಡ್ಡಿಯ ಅಂತರ!

ಬಿದ್ರಿ ಹೂಜಿಯ ಕಪ್ಪು ಬಣ್ಣ ಬಳಿದದ್ದಲ್ಲ! ಬೀದರ್ ಕೋಟೆಯೊಳಗಿನ, ಬಿಸಿಲು ಮಳೆ ಕಾಣದ ಹಳೆಯ ಮಣ್ಣನ್ನು ನವಸಾಗರದ ಜತೆ ಕುದಿಸಿ ಪಾತ್ರೆ ಅದ್ದುತ್ತಾರೆ. ಸತುವಿನ ಭಾಗ ಕಡುಗಪ್ಪಾಗುತ್ತದೆ. ಪಕ್ಕದಲ್ಲೇ ಕೂರಿಸಿದ ಬೆಳ್ಳಿಯ ಎಳೆ ಮಾತ್ರ ಫಳಫಳ ಹೊಳೆಯುತ್ತದೆ. ಆ ಮಣ್ಣು ಸರಿಯೋ ಇಲ್ಲವೋ ಎಂದು ಕುಶಲಕರ್ಮಿ ತಿಳಿಯುವುದು ಹೇಗೆ? ನಾಲಿಗೆಗೆ ಇಟ್ಟು, ರುಚಿ ನೋಡಿ!

ಕೃಷ್ಣಮೃಗ ಜಿಗಿದಾಡುವ ಬಯಲನ್ನು ನಾವು ಪಾಳು ಭೂಮಿ ಅನ್ನುತ್ತೇವೆ. ತಪ್ಪು! ಹುಲ್ಲುಗಾವಲು ತನ್ನ ಇಂಗಾಲದ ಬಹುಪಾಲನ್ನು ಬೇರು, ಮಣ್ಣಿನಲ್ಲಿ ಬಚ್ಚಿಡುತ್ತದೆ. ಕಾಡಿಗೆ ಬೆಂಕಿ ಬಿದ್ದರೆ ಮರದ ಇಂಗಾಲ ಹೊಗೆಯಾಗುತ್ತದೆ. ಹುಲ್ಲಿಗೆ ಬೆಂಕಿ ಬಿದ್ದರೂ ನೆಲದೊಳಗಿನ ಗಂಟು ಭದ್ರ!

ನೀರಿನ ಜಾಡು

ಬೀದರ್ ಗುಡ್ಡದ ಅಂಚಿನಲ್ಲಿ ಇಷ್ಟೊಂದು ಝರಿಗಳು ಯಾಕೆ? ಪಾಪನಾಶ, ಗುರುನಾನಕ್ ಝೀರಾ, ನರಸಿಂಹ ಝರಣಿ! ಮೇಲೆ ಜಾಳುಜಾಳಾದ ಕೆಂಪು ಕಲ್ಲು, ನೀರು ಸರಸರ ಇಳಿಯುತ್ತದೆ. ಕೆಳಗೆ ಗಟ್ಟಿ ಕಪ್ಪು ಕಲ್ಲು, ನೀರನ್ನು ಬಿಡುವುದಿಲ್ಲ. ಎರಡೂ ಕೂಡುವ ಸಂದಿಯಲ್ಲಿ ನೀರು ಪಕ್ಕಕ್ಕೆ ಹೊರಟು ಝರಿಯಾಗುತ್ತದೆ. ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಲ್ಲಿ ನಡೆದವರು, ಈ ಸಂದಿಯೊಳಗೇ ನಡೆದು ಬಂದಿದ್ದೀರಿ!

ಪಂಪಿಲ್ಲ, ಕರೆಂಟಿಲ್ಲ, ನೀರು ಮಾತ್ರ ಊರಿಗೆ ಬರುತ್ತಿತ್ತು! ಬೀದರಿನ ನೌಬಾದ್‌ನಲ್ಲಿರುವ ಕರೇಜ್, ಜನರ ಬಾಯಲ್ಲಿ ಸುರಂಗ ಬಾವಿ, ಬಹಮನಿ ಕಾಲದ್ದು. ಹದಿನೈದನೇ ಶತಮಾನದ ಕೆಲಸ. ನೆಲದೊಳಗೆ ಎರಡು ಕಿಲೋಮೀಟರಿಗೂ ಉದ್ದದ ಸುರಂಗ, ಮೇಲೆ ಸಾಲು ಸಾಲು ಗಾಳಿಕಿಂಡಿಗಳು. ಕಣ್ಣಿಗೆ ಕಾಣದಷ್ಟು ಇಳಿಜಾರು. ಬಿಸಿಲಿಗೆ ಒಂದು ಹನಿಯೂ ಆರುವುದಿಲ್ಲ!

ಈ ವಿದ್ಯೆ ಪರ್ಷಿಯಾದಿಂದ ಬಂದದ್ದು. ಇರಾನಿನ ಇಂತಹ ಸುರಂಗ ಕಾಲುವೆಗಳನ್ನು ಯುನೆಸ್ಕೊ 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರ ಒಡಹುಟ್ಟು ನಮ್ಮ ಬೀದರಿನಲ್ಲೇ ಇದೆ!

ಮಾಂಜ್ರಾ ನದಿಯ ನಡೆ ನೋಡಿ. ಹುಟ್ಟಿದ್ದು ಮಹಾರಾಷ್ಟ್ರದ ಬಾಲಾಘಾಟ್ ಬೆಟ್ಟದಲ್ಲಿ. ಗೋದಾವರಿಯಿಂದ ದೂರ ಸರಿದು ಆಗ್ನೇಯಕ್ಕೆ ಹೊರಡುತ್ತದೆ. ಬೀದರ್ ಜಿಲ್ಲೆ ದಾಟಿ ತೆಲಂಗಾಣದಲ್ಲಿ ಗಕ್ಕನೆ ಉತ್ತರಕ್ಕೆ ತಿರುಗುತ್ತದೆ. ಕೊನೆಗೆ ಹೋಗಿ ಸೇರುವುದು ಅದೇ ಗೋದಾವರಿಯನ್ನು! ನಡುದಾರಿಯಲ್ಲಿ ಹೈದರಾಬಾದಿಗೂ ಕುಡಿಯಲು ನೀರು ಕೊಡುತ್ತದೆ. ಭಾಲ್ಕಿಯ ಮಳೆ ಹೈದರಾಬಾದಿನ ಲೋಟದಲ್ಲಿ!

ಇದೇ ಮಾಂಜ್ರಾ 2016ರಲ್ಲಿ ಬತ್ತಿತು. ಪಕ್ಕದ ಲಾತೂರಿಗೆ ನೀರು ಬಂದದ್ದು ಯಾವುದರಲ್ಲಿ? ರೈಲಿನಲ್ಲಿ! ಏಪ್ರಿಲ್ ತಿಂಗಳು, ಮೀರಜ್‌ನಿಂದ ಹೊರಟ ಮೊದಲ ಗಾಡಿಯಲ್ಲಿ 10 ಟ್ಯಾಂಕರ್, 5 ಲಕ್ಷ ಲೀಟರ್ ನೀರು. ಆಮೇಲೆ 50 ಟ್ಯಾಂಕರಿನ ಗಾಡಿಗಳೇ ಓಡಿದವು. ನಮ್ಮ ಗಡಿಯ ಆಚೆ ಬದಿಯಲ್ಲೇ ನಡೆದದ್ದು ಇದು!

ಕಬ್ಬಿನ ಒಂದು ಬೆಳೆಗೆ 1,500ರಿಂದ 2,500 ಮಿಲಿಮೀಟರ್ ನೀರು ಬೇಕು. ಬೀದರ್ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 850ರಿಂದ 900ರ ಆಸುಪಾಸು. ಉಳಿದದ್ದು? ಕೆರೆ ಕಾಲುವೆ ಇಲ್ಲದ ಕಡೆ ನೆಲದ ಹೊಟ್ಟೆಯಿಂದಲೇ ಎತ್ತಬೇಕು! ಜಗತ್ತಿನಲ್ಲಿ ಅಂತರ್ಜಲವನ್ನು ಅತಿ ಹೆಚ್ಚು ಎತ್ತುವ ದೇಶ ಭಾರತ. ಅಮೆರಿಕ, ಚೀನಾ ಎರಡೂ ಸೇರಿ ಎತ್ತುವುದಕ್ಕಿಂತ ಹೆಚ್ಚು!

ಬೆಳೆಯ ಬೆರಗು

ತೊಗರಿಯ ಬೇರು ಹುಳಿ ಕಾರುತ್ತದೆ! ಕೆಂಪು ಮಣ್ಣಿನಲ್ಲಿ ರಂಜಕವನ್ನು ಕಬ್ಬಿಣ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ತೊಗರಿ ಪಿಸಿಡಿಕ್ ಆಮ್ಲ ಬಿಟ್ಟು ಆ ಹಿಡಿತ ಸಡಿಲಿಸುತ್ತದೆ. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಶೋಧಕರು ಇದನ್ನು 1990ರಲ್ಲಿ ಲೋಕಕ್ಕೆ ತಿಳಿಸಿದರು. ಬೀದರಿನಿಂದ ಹೈದರಾಬಾದಿಗೆ ಹೋಗುವ ದಾರಿಯಲ್ಲೇ ಇದೆ ಆ ಸಂಸ್ಥೆ!

'ಆಶಾ' ತೊಗರಿ ಬಿತ್ತಿದ್ದೀರಾ? ತೊಗರಿಯ ಇಡೀ ವಂಶವಾಹಿ ಸರಣಿಯನ್ನು ವಿಜ್ಞಾನಿಗಳು ಮೊದಲು ಓದಿದ್ದು ಅದೇ ತಳಿಯಲ್ಲಿ. 2011ರಲ್ಲಿ ಲೆಕ್ಕ ಸಿಕ್ಕಿತು, 48,680 ಜೀನ್‌ಗಳು! ನಮ್ಮ ಮನುಷ್ಯರಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳು ಸುಮಾರು 20,000 ಮಾತ್ರ. ಸಾರಿನೊಳಗಿನ ಬೇಳೆ ನಮ್ಮನ್ನು ಮೀರಿಸಿದೆ!

45 ಡಿಗ್ರಿ ಬಿಸಿಲಿಗೂ ಬಗ್ಗದ ತೊಗರಿ ಬಂದಿದೆ! ಇಕ್ರಿಸ್ಯಾಟ್ 2025ರಲ್ಲಿ ಹೊರತಂದ ಐಸಿಪಿವಿ 25444 ತಳಿ ಬೇಸಿಗೆಯಲ್ಲೂ ಬೆಳೆಯುತ್ತದೆ, 125 ದಿನಕ್ಕೆ ರಾಶಿಗೆ ಬರುತ್ತದೆ. ಪರೀಕ್ಷೆ ನಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು!

ಕರ್ನಾಟಕದಲ್ಲಿ ಸೋಯಾಬೀನ್‌ಗೆ ಬೀದರೇ ಮೊದಲು. ಹೂ ಬಿಡುವ ಹೊತ್ತಿಗೆ ಒಂದು ಗಿಡ ಮೆಲ್ಲಗೆ ಕಿತ್ತು ಬೇರು ನೋಡಿ. ಸಣ್ಣ ಸಣ್ಣ ಗಂಟು. ಒಂದನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಬಣ್ಣ! ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ನೆಂಟನಾದ ಲೆಗ್‌ಹಿಮೋಗ್ಲೋಬಿನ್ ಅದು. ಗಾಳಿಯ ಸಾರಜನಕ ಗೊಬ್ಬರವಾಗುವ ಪುಟ್ಟ ಕಾರ್ಖಾನೆ ಆ ಗಂಟು. ಗುಲಾಬಿ ಇದ್ದರೆ ಕೆಲಸ ನಡೆದಿದೆ ಅಂತಲೇ ಅರ್ಥ!

ಬಿಳಿಜೋಳ ಯೂರಿಯಾ ಪೋಲಾಗದಂತೆ ಕಾವಲು ಕಾಯುತ್ತದೆ. ಅದರ ಬೇರಿನಿಂದ ಒಸರುವ ಸೋರ್ಗೊಲಿಯೋನ್ ಎಂಬ ವಸ್ತು, ಗೊಬ್ಬರದ ಸಾರಜನಕವನ್ನು ಬದಲಾಯಿಸುವ ಸೂಕ್ಷ್ಮಜೀವಿಗಳ ಕೈ ಕಟ್ಟುತ್ತದೆ. ಇಲ್ಲದಿದ್ದರೆ ಅದರಲ್ಲೊಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಹಾರುತ್ತದೆ. ಭೂಮಿ ಕಾಯಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 273 ಪಟ್ಟು ಜೋರು! ರೊಟ್ಟಿ ತಟ್ಟುವಾಗ ಜೋಳಕ್ಕೊಂದು ನಮಸ್ಕಾರ ಹೇಳಿ.

ಎಳ್ಳ ಅಮಾವಾಸ್ಯೆಯ ಬಜ್ಜಿಯಲ್ಲಿ ಎಷ್ಟು ಕಾಳು, ಎಷ್ಟು ಸೊಪ್ಪು! ಹಸಿ ತೊಗರಿ, ಅವರೆ, ಕಡಲೆ, ಬಟಾಣಿ, ಮೆಂತ್ಯೆ. ಜತೆಗೆ ಸಜ್ಜೆ ರೊಟ್ಟಿ, ಅಂಬಲಿ, ಹೊಲದ ನಡುವೆ ಕಣಿಕೆಯ ಗುಡಿಸಲು. ಹೊಲದಲ್ಲಿ ಹತ್ತು ಬೆಳೆ ಇದ್ದರೆ ಮಾತ್ರ ಆ ಬಜ್ಜಿ. ಒಂದೇ ಬೆಳೆ ನಂಬಬೇಡಿ ಎಂದು ವಿಜ್ಞಾನಿಗಳು ಇಂದು ಹೇಳುವುದನ್ನು ನಮ್ಮ ಹಬ್ಬ ಎಂದೋ ಬಡಿಸಿಟ್ಟಿದೆ!

ದೇವಣಿ ಹಸುವಿನ ಜೋಲು ಕಿವಿ, ತೂಗುವ ಗಂಗೆದೊಗಲು ಬರೀ ಚೆಲುವಿಗಲ್ಲ. ಚರ್ಮ ಹರವಾದಷ್ಟೂ ಮೈಯ ಬಿಸಿ ಬೇಗ ಹೊರಹೋಗುತ್ತದೆ. ಮೈಮೇಲೇ ಕಟ್ಟಿಕೊಂಡ ಕೂಲರ್!

ಮಳೆಯ ಲೆಕ್ಕ

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ. 7ರಷ್ಟು ಹೆಚ್ಚು ನೀರಾವಿ ಹೊರಬಲ್ಲದು. ಹೊತ್ತದ್ದನ್ನು ಒಮ್ಮೆಲೇ ಸುರಿಯುತ್ತದೆ! ನಡು ಭಾರತದ ಉದ್ದಕ್ಕೂ ಹರಡಿಕೊಂಡು ಸುರಿಯುವ ವಿಪರೀತ ಮಳೆ 1950ರಿಂದ 2015ರ ಹೊತ್ತಿಗೆ ಮೂರು ಪಟ್ಟು ಹೆಚ್ಚಿದೆ ಎಂದು 2017ರ ಅಧ್ಯಯನ ತೋರಿಸಿತು. ಅದೇ ಕಾಲದಲ್ಲಿ ಒಟ್ಟು ಮಳೆ ಮಾತ್ರ ಇಳಿದಿದೆ. ಅತಿವೃಷ್ಟಿ, ಅನಾವೃಷ್ಟಿ ಎರಡೂ ಒಂದೇ ಮನೆಯಲ್ಲಿ!

ಮೊದಲು ಮಳೆ ಅಳೆಯಲು ತಾಲ್ಲೂಕಿಗೆ ಒಂದೆರಡು ಮಾಪಕ. ಈಗ? ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ತಾನಾಗಿ ಅಳೆಯುವ ಮಾಪಕಗಳಿವೆ, ಆರು ಸಾವಿರಕ್ಕೂ ಹೆಚ್ಚು. ಪ್ರತಿ 15 ನಿಮಿಷದ ಲೆಕ್ಕ ಬೆಂಗಳೂರು ಸೇರುತ್ತದೆ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿದ ಸಂಸ್ಥೆಯೇ ಇಂದು ಇದನ್ನೆಲ್ಲ ನೋಡಿಕೊಳ್ಳುತ್ತಿದೆ!

ಈಗ ಹೇಳಿ, ಹವಾಮಾನದ ಪಾಠಕ್ಕೆ ಉತ್ತರ ಧ್ರುವಕ್ಕೆ ಹೋಗಬೇಕೇ? ಕಲ್ಲು ಇಲ್ಲಿದೆ, ಮಣ್ಣು ಇಲ್ಲಿದೆ, ಝರಿ ಇಲ್ಲಿದೆ, ತೊಗರಿ ಇಲ್ಲಿದೆ. ಮುಂದಿನ ಸಲ ಹೊಲಕ್ಕೆ ಹೋದಾಗ ಮಕ್ಕಳನ್ನೂ ಕರೆದುಕೊಂಡು ಹೋಗಿ. ಒಂದು ಸೋಯಾ ಗಂಟು ಸೀಳಿ ಗುಲಾಬಿ ಬಣ್ಣ ತೋರಿಸಿ. ಬಿತ್ತುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ. ಕಣಿಕೆ ಸುಡಬೇಡಿ. ಊರ ಹಳೆಯ ಬಾವಿಗೆ ಕಸ ಸುರಿಯಬೇಡಿ, ಅದರ ಕೆಳಗೆ ಇನ್ನೂ ನೀರಿನ ದಾರಿ ಇದೆ!