ಬೆಸುಗೆ ಬಿಡಿಸುವ ಪೆಟ್ಟಿಗೆಗೆ ಬಿಡಿಭಾಗ ಹುಡುಕುತ್ತ

ಗಂಗಾವತಿ, ಕಾರಟಗಿಯ ರೈಸ್ ಮಿಲ್‌ಗಳಲ್ಲಿ ‘ಸಾರ್ಟೆಕ್ಸ್’ ನಿಂತಿತೆಂದರೆ ಮಾಲೀಕರಿಗೆ ನಿದ್ದೆ ಇಲ್ಲ. ಜಾರಿ ಬೀಳುವ ಅಕ್ಕಿಯನ್ನು ಅದರ ಕ್ಯಾಮೆರಾ ಕಾಳು ಕಾಳಾಗಿ ನೋಡುತ್ತದೆ. ಕಪ್ಪಾದದ್ದೋ ಹಳದಿಯಾದದ್ದೋ ಕಂಡ ಕೂಡಲೇ ಪುಟ್ಟ ವಾಲ್ವ್ ತೆರೆದು, ಗಾಳಿ ಹೊಡೆದು, ಆ ಕಾಳನ್ನು ಆಚೆ ಹಾರಿಸುತ್ತದೆ. ಈ ವಾಲ್ವ್‌ಗಳನ್ನು ಆಡಿಸುವ ಬೋರ್ಡಿಗೆ ತೌಡಿನ ಧೂಳು ಮೆತ್ತಿ, ತೇವ ಹಿಡಿದು, ಒಂದು ಐಸಿ ಸುಟ್ಟರೆ ಸಾಕು. ಹೊಸ ಬೋರ್ಡ್ ದುಬಾರಿ, ಬರುವುದೂ ತಡ. ಸುಗ್ಗಿಯಲ್ಲಿ ಅಷ್ಟು ದಿನ ಕಾಯುವುದು ಯಾರಿಗೂ ಆಗದ ಮಾತು. ಆಗ ಬೋರ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಊರಿನ ಎಲೆಕ್ಟ್ರಾನಿಕ್ ರಿಪೇರಿ ಅಂಗಡಿಗೆ ತರುತ್ತಾರೆ. ಅಲ್ಲಿ ಮೇಜಿನ ಮೂಲೆಯಲ್ಲಿ ಬಣ್ಣ ಮಾಸಿದ ಒಂದು ಪೆಟ್ಟಿಗೆ, ಅದಕ್ಕೊಂದು ರಬ್ಬರ್ ಪೈಪು, ಪೈಪಿನ ತುದಿಗೆ ಪಿಸ್ತೂಲಿನ ಆಕಾರದ ಹಿಡಿ ಇರುತ್ತದೆ. ಇದೇ ಡಿಸೋಲ್ಡರಿಂಗ್ ಸ್ಟೇಷನ್, ಅಂದರೆ ಬೆಸುಗೆ ಬಿಡಿಸುವ ಯಂತ್ರ. ಊರಿನ ಯಂತ್ರಗಳನ್ನೆಲ್ಲ ಉಳಿಸುವ ಈ ಯಂತ್ರಕ್ಕೇ ವಯಸ್ಸಾದರೆ ಅದಕ್ಕೆ ಬಿಡಿಭಾಗ ಎಲ್ಲಿಂದ ತರಬೇಕು ಎಂಬುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ ಒಂದು ವಿದ್ಯೆ.

1997ರಲ್ಲಿ ರಾಯಚೂರಿನಿಂದ ಬೇರೆಯಾದ ಕೊಪ್ಪಳ ಜಿಲ್ಲೆಯ ಭೂಗೋಳ ಇಲ್ಲಿನ ರಿಪೇರಿ ಮೇಜುಗಳ ಮೇಲೂ ಕಾಣುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಗಂಗಾವತಿ ಸೀಮೆಯಿಂದ ಬರುವುದು ಮಿಲ್ಲಿನ ಬೋರ್ಡ್. ಒಣಬೇಸಾಯದ ಕುಷ್ಟಗಿ, ಯಲಬುರ್ಗಾದಿಂದ ಬರುವುದು ಬೋರ್‌ವೆಲ್ ಮೋಟರಿನ ಪ್ಯಾನಲ್, ಇನ್ವರ್ಟರ್, ಯುಪಿಎಸ್. ಕೊಪ್ಪಳದ ಪಕ್ಕದ ಗಿಣಿಗೇರಿ ಸುತ್ತಿನ ಕಬ್ಬಿಣದ ಕಾರ್ಖಾನೆಗಳಿಂದ ಮೋಟರ್ ಡ್ರೈವ್‌ಗಳ ದಪ್ಪ ಬೋರ್ಡ್. ಒಂದಕ್ಕೆ ಹೊಟ್ಟಿನ ಧೂಳು, ಒಂದಕ್ಕೆ ಹೊಲದ ಮಣ್ಣು, ಇನ್ನೊಂದಕ್ಕೆ ಕಬ್ಬಿಣದ ಕರಿ. ಬೋರ್ಡ್ ಯಾವುದೇ ಇರಲಿ, ಕೆಟ್ಟ ಭಾಗವನ್ನು ಕೀಳುವಾಗ ಒಳ್ಳೆಯ ಟ್ರ್ಯಾಕ್ ಕಿತ್ತು ಬರಬಾರದು. ಅಲ್ಲಿ ಮೆಕ್ಯಾನಿಕ್‌ನ ಮರ್ಯಾದೆ ಇದೆ.

ಕೈಯಿಂದ ಒತ್ತಿ ಬಿಡುವ ಸ್ಪ್ರಿಂಗ್ ಸಕ್ಕರ್ ಎಲ್ಲ ಅಂಗಡಿಯಲ್ಲೂ ಇದೆ. ಐರನ್ನಿನಿಂದ ಸೋಲ್ಡರ್ ಕರಗಿಸಿ, ಐರನ್ ಸರಿಸಿ, ಸಕ್ಕರ್ ತಂದು ಗುಂಡಿ ಒತ್ತುವಷ್ಟರಲ್ಲಿ ಸೋಲ್ಡರ್ ಅರ್ಧ ಗಟ್ಟಿಯಾಗಿರುತ್ತದೆ. ಒಂದೇ ಪದರದ ಹಳೆಯ ಟಿವಿ ಬೋರ್ಡಿಗೆ ಇದು ನಡೆಯುತ್ತಿತ್ತು. ಈಗಿನ ಬೋರ್ಡಿನಲ್ಲಿ ಕಾಲು ತೂರುವ ರಂಧ್ರದ ಒಳಗೋಡೆಗೂ ತಾಮ್ರ ಹಚ್ಚಿರುತ್ತಾರೆ, ಸೋಲ್ಡರ್ ಆ ಕೊಳವೆಯ ಉದ್ದಕ್ಕೂ ತುಂಬಿರುತ್ತದೆ. ನಲವತ್ತು ಕಾಲಿನ ಐಸಿಯಲ್ಲಿ ಒಂದೇ ಕಾಲು ಅಂಟಿಕೊಂಡು ಉಳಿದರೂ, ಎಳೆದಾಗ ಆ ತಾಮ್ರದ ಗೋಡೆ ಸಮೇತ ಬರುತ್ತದೆ. ಸ್ಟೇಷನ್ನಿನ ಹಿಡಿಯಲ್ಲಿ ಕಾದ ನಾಜಲ್ ಟೊಳ್ಳಾಗಿರುತ್ತದೆ. ಕಾಲಿನ ಸುತ್ತ ಅದನ್ನು ಇಟ್ಟು, ಸೋಲ್ಡರ್ ಪೂರ್ತಿ ಕರಗಿತೆಂದು ಕಾಲು ಮೆಲ್ಲಗೆ ಅಲ್ಲಾಡಿಸಿ ನೋಡಿ, ಟ್ರಿಗರ್ ಒತ್ತಿದರೆ ಎಳನೀರನ್ನು ಕೊಳವೆಯಿಂದ ಹೀರಿದ ಹಾಗೆ ಕರಗಿದ್ದೆಲ್ಲ ಒಳಗೆ ಹೋಗುತ್ತದೆ. ಬಿಸಿ ಮತ್ತು ಎಳೆತ ಒಂದೇ ಬಿಂದುವಿನಲ್ಲಿ, ಒಂದೇ ಕ್ಷಣದಲ್ಲಿ ಕೂಡುವುದೇ ಇದರ ಗುಟ್ಟು. ತವರ 63, ಸೀಸ 37 ಪಾಲಿನ ಹಳೆಯ ಸೋಲ್ಡರ್ 183 ಡಿಗ್ರಿಗೆ ಕರಗುತ್ತಿತ್ತು. ಯುರೋಪು 2006ರ ಜುಲೈಯಿಂದ ಸೀಸಕ್ಕೆ ನಿರ್ಬಂಧ ಹಾಕಿದ ಮೇಲೆ ಹೆಚ್ಚಿನ ಬೋರ್ಡ್‌ಗಳಿಗೆ ತವರ, ಬೆಳ್ಳಿ, ತಾಮ್ರದ ಬೆಸುಗೆ ಬಂತು. ಅದು ಕರಗಲು 217 ಡಿಗ್ರಿ ದಾಟಬೇಕು. ಹಳೆಯ ಸ್ಟೇಷನ್ನುಗಳು ಬೇಗ ಸವೆಯಲು ಈ ಹೆಚ್ಚಿನ ಬಿಸಿಯೂ ಒಂದು ಕಾರಣ.

ಅಮೆರಿಕದ ಪೇಸ್, ವೆಲ್ಲರ್, 1952ರಲ್ಲಿ ಜಪಾನಿನ ಒಸಾಕಾದಲ್ಲಿ ಶುರುವಾದ ಹಕ್ಕೊ ಈ ಯಂತ್ರಗಳ ದೊಡ್ಡ ಹೆಸರುಗಳು. ಚೀನಾದ ಝಡ್‌ಡಿ-915ರಂಥ ಅಗ್ಗದವು ಬಂದ ಮೇಲೆ ಸಣ್ಣ ಅಂಗಡಿಗಳಿಗೂ ಸ್ಟೇಷನ್ ಎಟುಕಿತು. ತೊಂದರೆ ಏನೆಂದರೆ ಕಂಪನಿಗಳು ಮಾಡೆಲ್ ಬದಲಿಸುತ್ತವೆ. ಹಕ್ಕೊದ ಎಫ್‌ಆರ್-300 ಗನ್ನಿನ ನಾಜಲ್ ಎನ್50 ಸರಣಿಯದು, ಅದರ ಬದಲಿಗೆ ಬಂದ ಎಫ್‌ಆರ್-301ರದು ಎನ್61. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಮಾಡೆಲ್ ನಂಬರ್ ಹಿಡಿದು ಅಂಗಡಿ ಅಂಗಡಿ ಸುತ್ತುವವರಿಗೆ “ಅದು ಬಂದ್ ಆಗ್ಯದ್ರಿ” ಎಂಬ ಉತ್ತರ ಸಿಗುವುದು ಇದರಿಂದಲೇ. ನಂಬರಿನ ಹಿಂದೆ ಹೋದವರು ಬರಿಗೈಲಿ ಬರುತ್ತಾರೆ. ಭಾಗ ಮಾಡುವ ಕೆಲಸವನ್ನೂ ಅದರ ಅಳತೆಯನ್ನೂ ತಿಳಿದವರು ಹೇಗೋ ಯಂತ್ರ ನಡೆಸುತ್ತಾರೆ ಎಂಬುದು ನನ್ನ ದೃಢ ನಂಬಿಕೆ.

“ಎಳೀವಲ್ದು” ಎಂಬುದು ಮೊದಲ ದೂರು. ಕೂಡಲೇ ಪಂಪಿನ ಮೇಲೆ ಸಂಶಯ ಪಡುವವರೇ ಹೆಚ್ಚು. ಪೈಪನ್ನು ಪೆಟ್ಟಿಗೆಯ ಬಾಯಿಂದ ಕಳಚಿ, ಆ ಬಾಯಿಗೆ ಹೆಬ್ಬೆರಳು ಒತ್ತಿ ಪಂಪ್ ಓಡಿಸಿ ನೋಡಬೇಕು. ಬೆರಳನ್ನು ಬಲವಾಗಿ ಹಿಡಿದರೆ ಪಂಪ್ ಗಟ್ಟಿ ಇದೆ, ದೋಷ ಹಿಡಿಯ ಕಡೆಗಿದೆ. ಅಲ್ಲಿ ಮೊದಲ ಅಪರಾಧಿ ನಾಜಲ್ಲಿನ ರಂಧ್ರ. ಅದು ಬಿಸಿ ಇರುವಾಗಲೇ ಕ್ಲೀನಿಂಗ್ ಪಿನ್ ತೂರಿಸಬೇಕು; ತಣ್ಣಗಾದ ಮೇಲೆ ಒತ್ತಿದರೆ ಪಿನ್ ಮುರಿದು ಒಳಗೇ ಉಳಿಯುತ್ತದೆ. ಆಮೇಲೆ ಸೋಲ್ಡರ್ ಬೀಳುವ ಗಾಜಿನ ಕೊಳವೆ, ಅದರ ಮುಂದಿನ ಸಿಲಿಕೋನ್ ವಾಷರ್, ಹಿಂದಿನ ಫಿಲ್ಟರ್. ಬಿಸಿಗೆ ಬೆಂದು ವಾಷರ್ ಕಲ್ಲಿನಂತಾದರೆ ಗಾಳಿ ಅಲ್ಲಿಂದಲೇ ಸೋರುತ್ತದೆ. ಫ್ಲಕ್ಸಿನ ಹೊಗೆ ಕಟ್ಟಿ ಫಿಲ್ಟರ್ ಕಂದಾಗಿದ್ದರೆ ಎಳೆತ ಅರ್ಧಕ್ಕೆ ಇಳಿದಿರುತ್ತದೆ. ಹೆಬ್ಬೆರಳ ಪರೀಕ್ಷೆಯಲ್ಲಿ ಪಂಪೇ ಸೋತರೆ ಬಿಚ್ಚಬೇಕು. ಒಳಗಿನ ತೆಳು ವಾಲ್ವ್ ಪಟ್ಟಿಗಳಿಗೆ ಅದೇ ಫ್ಲಕ್ಸ್ ಜಿಗಟಾಗಿ ಅಂಟಿರುತ್ತದೆ. ಎಷ್ಟೋ ಸಲ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಹಚ್ಚಿ ಒರೆಸಿದರೆ ಪಂಪ್ ಜೀವ ಪಡೆಯುತ್ತದೆ, ಬಿಡಿಭಾಗದ ಮಾತೇ ಬರುವುದಿಲ್ಲ. ಡಯಾಫ್ರಮ್ ಹರಿದಿದ್ದರೆ ಮಾತ್ರ ಅದರ ವ್ಯಾಸ, ದಪ್ಪ, ನಡುವಿನ ತೂತು ಅಳೆದುಕೊಳ್ಳಬೇಕು.

ಹೀಟರ್ ವಿಷಯ ಬೇರೆ. ಇಲ್ಲಿ ಅಂದಾಜು ನಡೆಯುವುದಿಲ್ಲ. 24 ವೋಲ್ಟಿನ 80 ವ್ಯಾಟ್ ಹೀಟರ್ ಲೆಕ್ಕಕ್ಕೆ 7.2 ಓಮ್, ಸೆರಾಮಿಕ್ ಹೀಟರ್ ತಣ್ಣಗಿದ್ದಾಗ ಮಲ್ಟಿಮೀಟರಿನಲ್ಲಿ ಅದಕ್ಕಿಂತ ಕಡಿಮೆಯೇ ತೋರಿಸುತ್ತದೆ. ನೇರ 230 ವೋಲ್ಟಿಗೆ ಹಾಕುವ 100 ವ್ಯಾಟಿನದಾದರೆ 529 ಓಮ್. ಈ ಎರಡರ ಸುರುಳಿಗಳು ಹೊರನೋಟಕ್ಕೆ ಒಂದೇ ಅಳತೆ ಇರಬಹುದು, ಅದಲುಬದಲಾದರೆ ಒಂದು ಕಾಯುವುದೇ ಇಲ್ಲ, ಇನ್ನೊಂದು ಕ್ಷಣದಲ್ಲಿ ಸುಡುತ್ತದೆ. ಹೀಟರಿನ ಜೊತೆ ಇರುವ ಸೆನ್ಸರಿನ ಜಾತಿಯನ್ನೂ ಕೇಳಬೇಕು. ಕೆ ಮಾದರಿಯ ಥರ್ಮೊಕಪಲ್ ಒಂದು ಡಿಗ್ರಿಗೆ ಸುಮಾರು 41 ಮೈಕ್ರೊವೋಲ್ಟ್ ಹುಟ್ಟಿಸುತ್ತದೆ. ಇನ್ನು ಕೆಲವು ಬಿಸಿಯಾದಂತೆ ಓಮ್ ಏರಿಸಿ ತೋರಿಸುತ್ತವೆ. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಪೆಟ್ಟಿಗೆ ಸುಳ್ಳು ಲೆಕ್ಕ ನಂಬಿ ಹೀಟರನ್ನು ಕೆಂಪಗೆ ಕಾಯಿಸಿಬಿಡಬಹುದು. ಹಿಡಿಯ ಅರ್ತ್ ತಂತಿಯನ್ನಂತೂ ಯಾರೂ ಕತ್ತರಿಸಕೂಡದು.

ಹುಡುಕುವ ದಾರಿಗಳು ಹಲವು. ಜಿಲ್ಲೆಯ ಊರುಗಳಿಗೆ ಹತ್ತಿರದ ದೊಡ್ಡ ಸಂತೆ ಹುಬ್ಬಳ್ಳಿ. ಅಲ್ಲಿಗೆ ಹೋಗಲು ಕೊಪ್ಪಳಕ್ಕೆ ಮೊದಲಿನಿಂದ ರೈಲು ಇತ್ತು, 2025ರ ಮೇ ತಿಂಗಳಲ್ಲಿ ಕುಷ್ಟಗಿಗೂ ಬಂತು. ಹುಬ್ಬಳ್ಳಿಯಲ್ಲಿ ಇಲ್ಲದ್ದು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಥವಾ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಲ್ಲಿ ಸಿಗಬಹುದು. ಗಂಗಾವತಿಯವರಿಗೆ ರಾಯಚೂರಿನ ಮೇಲೆ ಹೈದರಾಬಾದ್ ಪರಿಚಿತ ದಾರಿ. ಈಗ ಅಷ್ಟು ದೂರ ಹೋಗಬೇಕಿಲ್ಲ. ಹಳೆಯ ಭಾಗವನ್ನು ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ಫೋಟೊ ತೆಗೆದು, ವಾಟ್ಸ್‌ಆ್ಯಪಿನಲ್ಲಿ ಕಳಿಸಿ, ರಂಧ್ರ 0.8 ಮಿ.ಮೀ. ಬೇಕೋ 1 ಬೇಕೋ 1.3 ಬೇಕೋ ಬರೆದರೆ ಪಾರ್ಸಲ್ ಬಸ್ಸಿನಲ್ಲಿ ಬರುತ್ತದೆ. ಹೆಸರು ಮಾತ್ರ ಬರೆದರೆ ಬೇರೆಯದೇ ಬರುತ್ತದೆ.

ಇನ್ನೊಂದು ದಾರಿ ಊರಲ್ಲೇ ಇದೆ. ಗಂಗಾವತಿಯ ಲೇತ್‌ಗಳು ಮಿಲ್ಲಿನ ಶಾಫ್ಟು, ಬುಷ್ಷು ತಿರುವಿ ಪಳಗಿದವು. ಸಿಲಿಕೋನ್ ಹಾಳೆಯಿಂದ ಪಂಚ್ ಹೊಡೆದ ವಾಷರ್ ಅಸಲಿಗೆ ಸಮನಾಗಿ ನಿಲ್ಲುತ್ತದೆ. ಒಡೆದ ಗಾಜಿನ ಕೊಳವೆಗೆ ಕಾಲೇಜು ಪ್ರಯೋಗಾಲಯಗಳಿಗೆ ಸಾಮಾನು ಕೊಡುವ ಅಂಗಡಿಯ ಬೋರೊಸಿಲಿಕೇಟ್ ನಳಿಗೆಯನ್ನು ಅಳತೆಗೆ ಕತ್ತರಿಸಿಕೊಳ್ಳಬಹುದು. ನಾಜಲ್ಲನ್ನೂ ಹಿತ್ತಾಳೆಯಲ್ಲಿ ತಿರುವಿಸಬಹುದು, ಆದರೆ ಅದು ಆಪತ್ಕಾಲಕ್ಕೆ ಮಾತ್ರ. ಕರಗಿದ ತವರ ತಾಮ್ರವನ್ನೂ ಹಿತ್ತಾಳೆಯನ್ನೂ ತಿನ್ನುತ್ತದೆ, ರಂಧ್ರ ಬೇಗ ಅಗಲವಾಗುತ್ತದೆ. ಅಸಲಿ ನಾಜಲ್ಲಿನ ತಾಮ್ರಕ್ಕೆ ಕಬ್ಬಿಣದ ಲೇಪ ಇರುವುದು ಇದಕ್ಕೇ. ಮರಳುಕಾಗದ ಹಾಕಿ ಉಜ್ಜುವವರು ಆ ಲೇಪವನ್ನೇ ತೆಗೆದು ನಾಜಲ್ ಕೊಲ್ಲುತ್ತಾರೆ. ಫಿಲ್ಟರಿನ ಬದಲು ಹತ್ತಿ ತುರುಕುವ ರೂಢಿಯೂ ಇದೆ. ಅದು ನನಗೆ ಒಪ್ಪಿಗೆಯಿಲ್ಲ. ಕಾದ ಸೋಲ್ಡರ್ ಹನಿ ಬಂದು ಬೀಳುವ ಜಾಗದಲ್ಲಿ ಹತ್ತಿ ಇರಬಾರದು. ಜೊತೆಗೆ ಹತ್ತಿ ತಡೆಯದ ಹೊಗೆ ಪಂಪಿಗೂ ಹೋಗುತ್ತದೆ, ಪಂಪಿನಿಂದ ಹೊರಬಿದ್ದು ಮೇಜಿನ ಮುಂದೆ ಕೂತವನ ಮೂಗಿಗೂ ಹೋಗುತ್ತದೆ. ಕೊಳವೆಯಲ್ಲಿ ಕೂಡಿದ ಸೀಸವನ್ನು ಡಬ್ಬಿಗೆ ಸುರಿದು, ಕೈ ತೊಳೆದ ಮೇಲೆಯೇ ಚಹಾದ ಲೋಟ ಮುಟ್ಟಬೇಕು. ಬಹಳಷ್ಟು ಅಂಗಡಿಗಳು ಮನೆಯ ಮುಂಗೋಣೆಗಳು, ಮಕ್ಕಳು ಅಲ್ಲೇ ಆಡುತ್ತಿರುತ್ತಾರೆ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಕೃಷಿ ಯಂತ್ರ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ವಿಭಾಗ ಅದರಲ್ಲಿವೆ. ಕೊಳ್ಳುವವರಿಗೆ ಇದು ದೊಡ್ಡ ಸಹಾಯ. ರಿಪೇರಿ ಮಾಡುವವರ ಸ್ವಂತ ಉಪಕರಣಕ್ಕೂ ಇದೇ ನ್ಯಾಯ ಸಿಗಬೇಕು: ಮಾಡೆಲ್ ನಿಂತ ಮೇಲೂ ಇಷ್ಟು ವರ್ಷ ಹೀಟರ್, ನಾಜಲ್ ಸಿಗುತ್ತದೆ ಎಂಬ ಮಾತನ್ನು ಕಂಪನಿಗಳು ಬರೆದು ಕೊಡಬೇಕು, ಒಳಗಿನ ನಕ್ಷೆಯನ್ನೂ ಕೊಡಬೇಕು.

ಅಲ್ಲಿಯವರೆಗೆ ಮಾಡಬಹುದಾದದ್ದು ಇದೆ. ಒಂದೇ ಮಾಡೆಲಿನ ಎರಡು ಸತ್ತ ಸ್ಟೇಷನ್ನುಗಳಿಂದ ಒಂದನ್ನು ಎಬ್ಬಿಸಬಹುದು. ಅಂಥವು ಗುಜರಿಗೆ ಹೋಗುವ ಮುಂಚೆ ಕೇಳಿ ಪಡೆಯಬೇಕು. ಸ್ಟೇಷನ್ ಚೆನ್ನಾಗಿರುವಾಗಲೇ ಹೀಟರಿನ ಓಮ್, ನಾಜಲ್ಲಿನ ಥ್ರೆಡ್, ಕೊಳವೆಯ ಉದ್ದ ಅಳೆದು ಪೆಟ್ಟಿಗೆಯ ತಳಕ್ಕೆ ಮಾರ್ಕರಿನಲ್ಲಿ ಬರೆದಿಡಬೇಕು, ಏಕೆಂದರೆ ಸುಟ್ಟ ಹೀಟರ್ ತನ್ನ ಓಮ್ ಎಷ್ಟಿತ್ತೆಂದು ಹೇಳುವುದಿಲ್ಲ. ಎರಡು ವರ್ಷದ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಟ್ರೇಡ್ ಕಲಿಸುವ ಐಟಿಐಗಳು ಈ ಅಳತೆಗಳ ಒಂದು ಪಟ್ಟಿಯನ್ನು ಜಿಲ್ಲೆಗೆಲ್ಲ ಇಟ್ಟರೆ ಹುಡುಗರಿಗೆ ಪಾಠವೂ ಆಗುತ್ತದೆ. ಕಾರಟಗಿಯ ಬೋರ್ಡ್ ಹಿಡಿದು ಕೂತ ಗಂಗಾವತಿಯವರಿಗೆ ಬೇಕಾದ ಹೀಟರ್ ಕುಷ್ಟಗಿಯ ಯಾವುದೋ ಅಂಗಡಿಯ ಅಟ್ಟದ ಮೇಲೆ, ಪಂಪ್ ಕೆಟ್ಟ ಸ್ಟೇಷನ್ನಿನೊಳಗೆ ಇರಬಹುದು. ಇದೆಯೆಂದು ಒಬ್ಬರಿಗೊಬ್ಬರು ತಿಳಿಸುವ ವ್ಯವಸ್ಥೆ ಜಿಲ್ಲೆಯ ತಾಲ್ಲೂಕುಗಳಲ್ಲಿ ಆಗಬೇಕಾಗಿದೆ.