ಕನ್ನಡಿ ಹೋಯಿತು, ಕ್ಯಾಮೆರಾ ಹಗುರಾಯಿತು

ಮೂವತ್ತು ನಲವತ್ತು ವರ್ಷ ದೊಡ್ಡ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ತಿರುಗಿದವರಿಗೆ ಒಂದು ದಿನ ಕುತ್ತಿಗೆಯೇ ‘ಇನ್ನು ಸಾಕು’ ಎನ್ನುತ್ತದೆ. ಆಗ ನನ್ನ ವಯಸ್ಸಿನ ಹಲವರು ಹವ್ಯಾಸವನ್ನೇ ಬೀರುವಿಗೆ ಸೇರಿಸಿ ಬೀಗ ಹಾಕಿಬಿಡುತ್ತಾರೆ. ಹಾಗೆ ಮಾಡಬೇಕಿಲ್ಲ. ಅಂಗೈಯಗಲದ ಮಿರರ್‌ಲೆಸ್ ಕ್ಯಾಮೆರಾ ಇದೆ. ಅದಕ್ಕೆ ಒಗ್ಗಿಕೊಳ್ಳಲು ಸ್ವಲ್ಪ ತಾಳ್ಮೆ ಬೇಕು, ಅಷ್ಟೆ.

ಮಕ್ಕಳೇ, ಮೊದಲು ಹೆಸರಿನ ಅರ್ಥ ತಿಳಿಯೋಣ. ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ ಪುಟ್ಟ ಕನ್ನಡಿಯೊಂದು 45 ಡಿಗ್ರಿ ಓರೆಯಾಗಿ ನಿಂತಿರುತ್ತದೆ. ಒಳಬಂದ ಬೆಳಕನ್ನು ಅದು ಮೇಲಕ್ಕೆ ಕಳಿಸುತ್ತದೆ. ಅಲ್ಲಿರುವ ಪ್ರಿಸಂ ಅದನ್ನು ನಮ್ಮ ಕಣ್ಣಿಗೆ ತಿರುಗಿಸುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲಕ್ಕೆ ಎದ್ದು ಬೆಳಕಿಗೆ ದಾರಿ ಬಿಡುತ್ತದೆ. ಹೀಗೆ ಏಳಲು ಜಾಗ ಬೇಡವೇ? ಅದಕ್ಕೇ ನಿಕಾನ್‌ನ ಎಫ್ ಮಾದರಿಯಲ್ಲಿ ಲೆನ್ಸ್ ಕೂರುವ ಬಳೆಗೂ ಫಿಲ್ಮಿಗೂ ನಡುವೆ 46.5 ಮಿಲಿಮೀಟರ್ ಅಂತರ. ಅದೇ ಕಂಪನಿ 2018ರಲ್ಲಿ ತಂದ, ಕನ್ನಡಿಯಿಲ್ಲದ ಝಡ್ ಮಾದರಿಯಲ್ಲಿ ಲೆನ್ಸಿನ ಬಳೆಯಿಂದ ಸೆನ್ಸರ್‌ಗೆ ಬರೀ 16 ಮಿಲಿಮೀಟರ್! ಕ್ಯಾಮೆರಾ ತೆಳ್ಳಗಾದ ಗುಟ್ಟು ಇದೇ.

ಹೊಸದರ ಕಿಂಡಿಯಲ್ಲಿ ಕಾಣುವುದು ಪುಟ್ಟ ಪರದೆಯ ಮೇಲಿನ ಚಿತ್ರ. ಮೊದಮೊದಲು ಕಣ್ಣಿಗೆ ಹಿತವೆನಿಸದು. ಆದರೆ ಫೋಟೋ ಕಪ್ಪಾದೀತೋ ಬೆಳ್ಳಗಾದೀತೋ ಎಂಬುದು ತೆಗೆಯುವ ಮುಂಚೆಯೇ ತಿಳಿಯುತ್ತದೆ. ಪರದೆ ಸದಾ ಉರಿಯುವುದರಿಂದ ಬ್ಯಾಟರಿ ಬೇಗ ಮುಗಿಯುತ್ತದೆ. ಜೇಬಿನಲ್ಲಿ ಇನ್ನೊಂದು ಬ್ಯಾಟರಿ ಇರಲಿ.

ಕೈಗೂ ಹೊಸ ಪಾಠ ಬೇಕು. ಕಿರುಬೆರಳಿಗೆ ಆಸರೆಯೇ ಸಿಗದು. ಭಾರದ ಕ್ಯಾಮೆರಾ ತನ್ನ ತೂಕದಿಂದಲೇ ನಡುಕವನ್ನು ತುಸು ತಡೆಯುತ್ತಿತ್ತು. ಹಗುರದ್ದು ಬೇಗ ಅಲುಗುತ್ತದೆ. ಎಡ ಅಂಗೈಯನ್ನು ಲೆನ್ಸಿನ ಕೆಳಗಿಟ್ಟು, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಳ್ಳಿ. ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಿ.

ಸದ್ದಿಲ್ಲದೆ ಫೋಟೋ ತೆಗೆಯುವ ಅನುಕೂಲ ಇಂಥ ಹಲವು ಕ್ಯಾಮೆರಾಗಳಲ್ಲಿದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಅಂಥ ಕಡೆ ಸದ್ದು ಮಾಡದಿರುವುದೇ ಮರ್ಯಾದೆ. ಸಂಗೀತ ಕಚೇರಿಯಲ್ಲೂ ಅಷ್ಟೆ. ಆದರೆ ನೆನಪಿಡಿ: ಸದ್ದಿಲ್ಲದ ವಿಧಾನದಲ್ಲಿ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುತ್ತದೆ. ಹಾಗಾಗಿ ತಿರುಗುವ ಫ್ಯಾನಿನ ರೆಕ್ಕೆ ಸೊಟ್ಟಗೆ ಬರಬಹುದು, ಟ್ಯೂಬ್‌ಲೈಟ್ ಬೆಳಕಿನಲ್ಲಿ ಪಟ್ಟೆಗಳು ಮೂಡಬಹುದು.

ಹಳೆಯ ಲೆನ್ಸುಗಳನ್ನು ಅವಸರದಿಂದ ಮಾರಬೇಡಿ. ನಡುವೆ ಅಡಾಪ್ಟರ್ ಎಂಬ ಬಳೆ ಜೋಡಿಸಿದರೆ ಎಷ್ಟೋ ಲೆನ್ಸುಗಳು ಕೆಲಸಕ್ಕೆ ಬರುತ್ತವೆ. ಕೆಲವದರಲ್ಲಿ ಫೋಕಸ್ ಮಾತ್ರ ಕೈಯಿಂದಲೇ ಮಾಡಬೇಕಾದೀತು. ನಮಗೆ ಅದೇನು ಹೊಸದೇ?

ಮೆನು ಕಂಡು ಕಂಗಾಲಾಗಬೇಡಿ. ನಿಮಗೆ ಬೇಕಾದ ಮೂರು ನಾಲ್ಕು ಸೌಲಭ್ಯಗಳನ್ನು ಕೈಗೆಟುಕುವ ಗುಂಡಿಗಳಿಗೆ ಹೊಂದಿಸಿಕೊಡಲು ಮೊಮ್ಮಕ್ಕಳಿಗೆ ಹೇಳಿ. ಯಾವ ಗುಂಡಿಗೆ ಯಾವುದು ಎಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಒಂದು ತಿಂಗಳು ಒಂದೇ ಲೆನ್ಸಿನಲ್ಲಿ ಮನೆಯಂಗಳದ ತುಳಸಿ, ಬೆಕ್ಕು, ರಂಗೋಲಿಯನ್ನು ತೆಗೆಯಿರಿ. ಬೆರಳುಗಳು ತಾವೇ ದಾರಿ ಕಲಿಯುತ್ತವೆ.

ಮಕ್ಕಳೇ, ಮನೆಯಲ್ಲಿ ಹಳೆಯ ಎಸ್‌ಎಲ್‌ಆರ್ ಇದ್ದರೆ ಲೆನ್ಸ್ ತೆಗೆದು ಒಳಗಿನ ಕನ್ನಡಿ ತೋರಿಸಲು ತಾತನನ್ನು ಕೇಳಿ. ಬೆರಳು ಮಾತ್ರ ತಾಗಿಸಬೇಡಿ. ಮುಖ ನೋಡುವ ಕನ್ನಡಿಗೆ ಹೊಳಪಿನ ಲೇಪ ಗಾಜಿನ ಹಿಂದಿದ್ದರೆ, ಇದಕ್ಕೆ ಮುಂದೆಯೇ ಇರುತ್ತದೆ, ಮುಟ್ಟಿದರೆ ಹಾಳಾಗುತ್ತದೆ.