ಅರವತ್ತೊಂಬತ್ತು ಸಾವಿರದಲ್ಲಿ ಯಾವುದಕ್ಕೆ ಜಾಗ?

ಡೆಬಿಯನ್ ಎಂಬ ಲಿನಕ್ಸ್‌ನ 13ನೇ ಆವೃತ್ತಿ 2025ರ ಆಗಸ್ಟ್‌ನಲ್ಲಿ ಬಂತು. ಅದರ ಭಂಡಾರದಲ್ಲಿ 69,830 ಪ್ಯಾಕೇಜುಗಳು, ಎಂದರೆ ತಂತ್ರಾಂಶದ ಕಟ್ಟುಗಳು, ಇವೆ. ಅಷ್ಟರ ಸೋರ್ಸ್ ಕೋಡ್ ಒಟ್ಟು 1,46,32,91,186 ಸಾಲು. ಭಾರತದ ಜನಸಂಖ್ಯೆಯೂ ಹೆಚ್ಚುಕಡಿಮೆ 146 ಕೋಟಿಯೇ. ತಲೆಗೊಂದು ಸಾಲು ಹಂಚಬಹುದು!

ಇಷ್ಟನ್ನೂ ಕಾಗದಕ್ಕಿಳಿಸುವ ಯೋಚನೆ ಬಂದರೆ, ಭದ್ರಾವತಿಯಲ್ಲಿ 1936ರಲ್ಲಿ ಹುಟ್ಟಿ ಈಗ ಸದ್ದಿಲ್ಲದೆ ನಿಂತಿರುವ ಮೈಸೂರು ಪೇಪರ್ ಮಿಲ್ಸ್ ನೆನಪಾಗುತ್ತದೆ. ಈ ಕೋಡನ್ನು ಎ-4 ಹಾಳೆಯ ಒಂದು ಮಗ್ಗುಲಿಗೆ 50 ಸಾಲಿನಂತೆ ಅಚ್ಚು ಹಾಕಿಸಲು 2 ಕೋಟಿ 92 ಲಕ್ಷ ಹಾಳೆ ಬೇಕು. ತೂಕ ಸುಮಾರು 146 ಟನ್. ಉದ್ದಕ್ಕೆ ಜೋಡಿಸುತ್ತ ಹೋದರೆ ಭದ್ರಾವತಿಯಿಂದ ಶಿವಮೊಗ್ಗದವರೆಗಿನ ಸುಮಾರು 20 ಕಿಲೋಮೀಟರ್ ದಾರಿಗೆ 430 ಸಲಕ್ಕೂ ಹೆಚ್ಚು ಹಾಸಬಹುದು.

ಇಷ್ಟೂ ಯಾರ ಕಂಪ್ಯೂಟರಿಗೂ ಬರುವುದಿಲ್ಲ. ಡೆಸ್ಕ್‌ಟಾಪ್ ಹಾಕಿಕೊಂಡಾಗ ತಾನಾಗಿ ಬಂದು ಕೂರುವುದು ಒಂದೂವರೆ–ಎರಡು ಸಾವಿರ ಪ್ಯಾಕೇಜು, ನೂರಕ್ಕೆ ಮೂರರೊಳಗೆ. ಉಳಿದವು ಬೇಕೆಂದವರಿಗೆ ಮಾತ್ರ. ಪ್ರತಿಯೊಂದಕ್ಕೂ 'ಇರಲಿ' ಅಥವಾ 'ಬೇಡ' ಎಂದು ಎರಡೇ ಉತ್ತರ ಇಟ್ಟುಕೊಂಡರೂ ಸಾಧ್ಯವಾಗುವ ಆಯ್ಕೆಗಳ ಸಂಖ್ಯೆ ಬರೆಯಲು 21,021 ಅಂಕಿ ಬೇಕು. ಕಾಣುವ ವಿಶ್ವದ ಪರಮಾಣುಗಳ ಅಂದಾಜು ಲೆಕ್ಕಕ್ಕೆ ಎಂಬತ್ತು ಚಿಲ್ಲರೆ ಅಂಕಿ ಸಾಕು. ಒಂದು ಪ್ಯಾಕೇಜಿಗೆ ಇನ್ನೊಂದು ಬೇಕೇ ಬೇಕೆಂಬ ಕಟ್ಟು ಇರುವುದರಿಂದ ಆಯ್ಕೆ ಎಷ್ಟೋ ಕಡಿಮೆಯಾಗುತ್ತದೆ ನಿಜ. ಆದರೂ ಅಷ್ಟು ದೊಡ್ಡ ಬಯಲಿನಲ್ಲಿ ಯಾರೋ ಕೆಲವರು ಕೂತು ಒಂದು ಪಟ್ಟಿಗೆ ಬರಲೇಬೇಕು.

ಅವರ ಕೈ ಕಟ್ಟಿದ್ದು ಬಹುಕಾಲ ಒಂದು ಸಿಡಿ. 2004ರ ಅಕ್ಟೋಬರಿನಲ್ಲಿ ಉಬುಂಟು ಎಂಬ ಇನ್ನೊಂದು ಲಿನಕ್ಸ್ ಶುರುವಾದಾಗಿನಿಂದ 2012ರವರೆಗೂ ಎಲ್ಲವೂ 700 ಎಂಬಿಯೊಳಗೆ ಹಿಡಿಯಬೇಕಿತ್ತು. ಒಂದನ್ನು ತೂರಿಸಿದರೆ ಇನ್ನೊಂದು ಹೊರಗೆ. ಚಿತ್ರ ತಿದ್ದುವ ಗಿಂಪ್ 2010ರ ಏಪ್ರಿಲ್ ಆವೃತ್ತಿಯಲ್ಲಿ ಹೀಗೆ ಜಾಗ ಕಳೆದುಕೊಂಡಿತು. ಭಾಷೆಗಳಿಗೂ ಇದೇ ಗತಿ: ಸಿಡಿಯಲ್ಲಿ ಬೆರಳೆಣಿಕೆಯವು ಮಾತ್ರ, ಕನ್ನಡದಂಥವು ಇಂಟರ್ನೆಟ್ಟಿನಿಂದ ಇಳಿಯಬೇಕಿತ್ತು. ಡೆಬಿಯನ್‌ನವರಂತೂ ಮೊದಲ ಸಿಡಿಗೆ ಯಾವುದು ಎಂದು ತೀರ್ಮಾನಿಸಲು ಬಳಕೆದಾರರ ಯಂತ್ರಗಳಿಂದಲೇ, ಒಪ್ಪಿದವರಿಂದ ಮಾತ್ರ, ಲೆಕ್ಕ ತರಿಸಿಕೊಳ್ಳುವ ವ್ಯವಸ್ಥೆ ಮಾಡಿಕೊಂಡರು. ಬಹುಮತದ ಲೆಕ್ಕ ಅದು. ಸಣ್ಣ ಭಾಷೆಯ ಫಾಂಟು ಅಂಥ ಲೆಕ್ಕದಲ್ಲಿ ಮೇಲೇಳುವುದು ಕಷ್ಟ.

'ಬೇಕಾದವರು ಇಳಿಸಿಕೊಳ್ಳಲಿ' ಎನ್ನುವುದು ಬೆಂಗಳೂರಿನಲ್ಲಿ ಸಲೀಸು. ಭದ್ರಾವತಿ ತಾಲ್ಲೂಕಿನ ಒಂದು ಶಾಲೆಯಲ್ಲಿ 20 ಕಂಪ್ಯೂಟರ್ ಇವೆ, ಒಂದೊಂದಕ್ಕೆ ಇನ್ನೂ 3 ಜಿಬಿ ಬೇಕು ಎಂದುಕೊಳ್ಳೋಣ. ಮೇಷ್ಟ್ರ ಮೊಬೈಲಿನ ದಿನಕ್ಕೆ ಒಂದೂವರೆ ಜಿಬಿಯಲ್ಲಿ ಆ 60 ಜಿಬಿ ಇಳಿಯಲು 40 ದಿನ! ಮೊದಲೇ ಒಳಗಿದ್ದರೆ ಒಂದು ಪೆನ್‌ಡ್ರೈವ್ ಸಾಕು. ಶಾಲೆಯ ಮಟ್ಟಿಗೆ, ಮೊದಲೇ ಇಲ್ಲದ್ದು ಇಲ್ಲವೇ ಇಲ್ಲ.

ಇದನ್ನು ಅರಿತವರು ಪಟ್ಟಿಯನ್ನೇ ಕೈಗೆತ್ತಿಕೊಂಡರು. ಡಿಎಸ್‌ಇಆರ್‌ಟಿ ಎಂಬ ರಾಜ್ಯ ಶಿಕ್ಷಣ ಸಂಶೋಧನೆ–ತರಬೇತಿ ಇಲಾಖೆ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ 2011ರಿಂದ ಕಟ್ಟಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ನಮ್ಮ ಪ್ರೌಢಶಾಲಾ ಶಿಕ್ಷಕರಿಗೆಂದೇ ಹೊಂದಿಸಿದ ಉಬುಂಟು ಬಂತು: ಗಣಿತಕ್ಕೆ ಜಿಯೋಜೀಬ್ರಾ, ವಿಜ್ಞಾನಕ್ಕೆ ಫೆಟ್, ಭೂಗೋಳಕ್ಕೆ ಮಾರ್ಬಲ್. ಜಿಯೋಜೀಬ್ರಾದಲ್ಲಿ ತ್ರಿಭುಜದ ಒಂದು ಮೂಲೆ ಹಿಡಿದು ಎಳೆದಾಡಿ. ಮೂರು ಕೋನಗಳೂ ಬದಲಾಗುತ್ತವೆ, ಮೊತ್ತ ಮಾತ್ರ 180 ಬಿಟ್ಟು ಕದಲುವುದಿಲ್ಲ. ಇದನ್ನು ಕಂಡ ಮಗುವಿಗೆ ಪ್ರಮೇಯ ಬಾಯಿಪಾಠವಾಗಿ ಉಳಿಯುವುದಿಲ್ಲ. ಕೇರಳದ ಕೈಟ್ ಸಂಸ್ಥೆ ತನ್ನ ಲಿನಕ್ಸನ್ನು 2 ಲಕ್ಷ ಶಾಲಾ ಕಂಪ್ಯೂಟರುಗಳಿಗೆ ಹಾಕುವುದಾಗಿ 2019ರಲ್ಲಿ ಹೇಳಿತು. ಪರವಾನಗಿ ಶುಲ್ಕದಲ್ಲಿ ಉಳಿತಾಯ 3,000 ಕೋಟಿ ರೂಪಾಯಿ ಎಂಬುದು ಅವರ ಲೆಕ್ಕ. ಎಂದರೆ ಯಂತ್ರಕ್ಕೆ ಒಂದೂವರೆ ಲಕ್ಷ, ಕಂಪ್ಯೂಟರಿನ ಬೆಲೆಗಿಂತಲೂ ಹೆಚ್ಚು.

ಕನ್ನಡ ಕೇಳುವ ಜಾಗವಾದರೂ ಎಷ್ಟು? ಚೀನಿ, ಜಪಾನಿ, ಕೊರಿಯನ್ ಲಿಪಿಗಳ ಫಾಂಟುಗಳಿಗೆ ಹತ್ತಾರು ಎಂಬಿ ಬೇಕು. ಡೆಬಿಯನ್‌ನಲ್ಲಿರುವ ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳಲ್ಲಿ ಯಾವುದೂ ಒಂದು ಎಂಬಿಯನ್ನೂ ತುಂಬುವುದಿಲ್ಲ. ಶಿವಮೊಗ್ಗ ಎಂದು ಯುನಿಕೋಡಿನ ಯುಟಿಎಫ್-8 ರೂಪದಲ್ಲಿ ಬರೆದಿಡಲು 24 ಬೈಟ್, ಭದ್ರಾವತಿಗೂ ಸರಿಯಾಗಿ 24. ಎರಡಕ್ಕೂ ಎಂಟೆಂಟು ಕೀಲಿ ಒತ್ತಿದರಾಯಿತು. ಭದ್ರಾವತಿಗೆ ಶಿಫ್ಟ್ ಹಿಡಿದು ಬಿ, ಆಮೇಲೆ ಡಿ, ಒತ್ತಿಗೆ ಎಫ್, ಆರ್, ದೀರ್ಘಕ್ಕೆ ಶಿಫ್ಟ್ ಜೊತೆ ಎ, ಕೊನೆಗೆ ವಿ, ಟಿ, ಐ.

ಈ ಕೀಲಿಮಣೆ ಕೆ.ಪಿ. ರಾಯರ ವಿನ್ಯಾಸ. ಕನ್ನಡ ಗಣಕ ಪರಿಷತ್ತು 'ನುಡಿ' ತಂತ್ರಾಂಶದಲ್ಲಿ ಅಳವಡಿಸಿ ನಾಡಿಗೆಲ್ಲ ಹಂಚಿದ್ದು. ಲಿನಕ್ಸ್ ಡೆಸ್ಕ್‌ಟಾಪಿನೊಡನೆ ಬರುವ ಕೀಲಿಮಣೆಗಳ ಮೂಲ ಕಡತದಲ್ಲಿ ಅದು ಪರಿಷತ್ತಿನ ಮೊದಲಕ್ಷರಗಳಾದ 'ಕಗಪ' ಎಂಬ ಹೆಸರಿನಲ್ಲೇ ಕೂತಿದೆ. ಬರ್ಲಿನ್ನಿನಲ್ಲಿ ಯಾರೋ ಕೊಂಡ ಲಿನಕ್ಸ್ ಲ್ಯಾಪ್‌ಟಾಪಿನಲ್ಲೂ ಇದೆ, ಅವರು ಕನ್ನಡ ಕೇಳದಿದ್ದರೂ ಇದೆ. ಅದೇ ಕಡತದಲ್ಲಿ ಹಿಂದಿ, ಮರಾಠಿ, ಸಂಸ್ಕೃತ, ತೆಲುಗು ಕೀಲಿಮಣೆಗಳ ಪಕ್ಕದಲ್ಲೂ ಕಗಪ ಎಂದೇ ಬರೆದಿದೆ.